ಫೋಟೊದ ಕೆಳಗೆ ಕಪ್ಪು ಪಟ್ಟಿ ಬಂದರೆ ಕ್ಯಾಮೆರಾ ಕೆಟ್ಟಿದೆಯೇ? ಉತ್ತರಕ್ಕೆ ಎಜರ್ಟನ್ ಜೀವನ ನೋಡಿ

ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಮನೆಯದೇ ಮದುವೆ. ಅಂತರಪಟ ಸರಿಯಿತು, ವಾದ್ಯ ಜೋರಾಯಿತು, ನಾಲ್ಕೂ ಕಡೆಯಿಂದ ಅಕ್ಕಿಕಾಳು ಬಿದ್ದವು. ನಮ್ಮ ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಹಿಡಿದು ಎದುರಿಗೇ ನಿಂತಿದ್ದ. ಸರಿಯಾದ ಗಳಿಗೆಗೆ ಬಟನ್ ಒತ್ತಿದ, ಫ್ಲ್ಯಾಶ್ ಹೊಡೆಯಿತು. ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಮದುಮಕ್ಕಳ ಮುಖ ಚೆನ್ನಾಗಿ ಬಂದಿವೆ, ಗಾಳಿಯಲ್ಲಿರುವ ಅಕ್ಕಿಕಾಳೂ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಆದರೆ ಫೋಟೊದ ಕೆಳಗಿನ ಮೂರನೇ ಒಂದು ಭಾಗ ಪೂರ್ತಿ ಕಪ್ಪು. ವೇದಿಕೆಯ ಮುಂದೆ ಕುರ್ಚಿಯಲ್ಲಿ ಕುಳಿತು ಅಕ್ಕಿಕಾಳು ಹಾಕುತ್ತಿದ್ದ ಅಜ್ಜಿ ಆ ಕಪ್ಪಿನಲ್ಲಿ ಮುಚ್ಚಿಹೋಗಿದ್ದರು.

ಮನೆಯಲ್ಲಿ ತಲೆಗೊಂದು ಮಾತು. ಹಳೇ ಕ್ಯಾಮೆರಾ ಕೊಟ್ಟವರು ಮೋಸ ಮಾಡಿದ್ದಾರೆ ಎಂದರು ಕಾಕಾ. ಮೆಮೊರಿ ಕಾರ್ಡ್ ಕೆಟ್ಟಿದೆ ಎಂದರು ಇನ್ನೊಬ್ಬರು. ಹಿರಿಯರೊಬ್ಬರಂತೂ ಇದು ಅಪಶಕುನ, ಯಾರಿಗೂ ತೋರಿಸಬೇಡಿ ಎಂದುಬಿಟ್ಟರು. ಮೂರೂ ತಪ್ಪು. ಹುಡುಗ ಅಕ್ಕಿಕಾಳು ಬೇಗ ಬೀಳುತ್ತವೆ, ಶಟರ್ ಸ್ಪೀಡೂ ಬೇಗನೆ ಇರಬೇಕು ಎಂದುಕೊಂಡು 1/400 ಸೆಕೆಂಡ್ ಇಟ್ಟಿದ್ದ. ಆ ಕ್ಯಾಮೆರಾದಲ್ಲಿ ಫ್ಲ್ಯಾಶ್ ಬಳಸುವಾಗಿನ ಮಿತಿ 1/200. ಇಷ್ಟೇ ಕಾರಣ.

ಆದರೆ ಇಂಥ ಮಿತಿ ಏಕಿದೆ? ವೇಗವಾಗಿ ಚಲಿಸುವುದನ್ನು ಹಿಡಿಯಲು ನಿಧಾನದ ಶಟರ್ ಸಾಕೇ? ಈ ಪ್ರಶ್ನೆಗೆ ತನ್ನ ಇಡೀ ಬದುಕಿನಿಂದ ಉತ್ತರ ಕೊಟ್ಟವನು ಹೆರಾಲ್ಡ್ ಎಜರ್ಟನ್. ಹೆಸರು ಗೊತ್ತಿಲ್ಲದಿದ್ದರೂ ಆತನ ಫೋಟೊ ನೀವು ನೋಡಿರುತ್ತೀರಿ. ಹಾಲಿನ ಹನಿ ಬಿದ್ದು ಕಿರೀಟದಂತೆ ಚಿಮ್ಮಿರುವ ಚಿತ್ರ, ಸೇಬಿನ ಹಣ್ಣನ್ನು ತೂರಿ ಹೊರಬಂದ ಗುಂಡಿನ ಚಿತ್ರ. ಎರಡೂ ಆತನವೇ.

ಚಿಕ್ಕಪ್ಪನ ಕ್ಯಾಮೆರಾ, ಕರೆಂಟ್ ಕಂಪನಿಯ ಕೆಲಸ

ಎಜರ್ಟನ್ ಹುಟ್ಟಿದ್ದು 1903ರ ಏಪ್ರಿಲ್ 6ರಂದು, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಫ್ರೀಮಾಂಟ್ ಊರಲ್ಲಿ. ಬೆಳೆದದ್ದು ಅದೇ ರಾಜ್ಯದ ಅರೋರಾ ಎಂಬ ಸಣ್ಣ ಊರಲ್ಲಿ. ಸುತ್ತ ಹೊಲ, ನಡುವೆ ಊರು. ಫೋಟೊ ತೆಗೆಯುವುದು, ತೊಳೆಯುವುದು, ಪ್ರಿಂಟ್ ಹಾಕುವುದು ಎಲ್ಲವನ್ನೂ ಹುಡುಗನಿಗೆ ಕಲಿಸಿದವನು ಸ್ಟುಡಿಯೊ ಕೆಲಸ ಬಲ್ಲ ಚಿಕ್ಕಪ್ಪ ರಾಲ್ಫ್. ರಜೆಯಲ್ಲಿ ಹುಡುಗ ವಿದ್ಯುತ್ ಕಂಪನಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಕ್ಯಾಮೆರಾ ಒಂದು ಕಡೆ, ಕರೆಂಟ್ ಇನ್ನೊಂದು ಕಡೆ. ಮುಂದೆ ಇವೆರಡೂ ಕೂಡಿದ್ದೇ ಆತನ ಬದುಕು.

1925ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದ. ಒಂದು ವರ್ಷ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದು, ಆಮೇಲೆ ಎಂಐಟಿ ಸೇರಿ ಅಲ್ಲೇ ಸ್ನಾತಕೋತ್ತರ ಪದವಿ, 1931ರಲ್ಲಿ ಡಾಕ್ಟರೇಟ್ ಪಡೆದ. ಅಲ್ಲೇ ಮೇಷ್ಟರಾಗಿ ಉಳಿದ. ವಿದ್ಯಾರ್ಥಿಗಳ ಬಾಯಲ್ಲಿ ಆತ ಕೊನೆಯವರೆಗೂ ಡಾಕ್ ಎಂದೇ ಪ್ರಸಿದ್ಧ.

ತಿರುಗುವ ಮೋಟಾರು ನಿಂತಂತೆ ಕಂಡದ್ದು

ಎಂಐಟಿಯಲ್ಲಿ ಆತ ಅಧ್ಯಯನ ಮಾಡುತ್ತಿದ್ದದ್ದು ದೊಡ್ಡ ವಿದ್ಯುತ್ ಮೋಟಾರುಗಳನ್ನು. ಲೋಡ್ ಏರುಪೇರಾದಾಗ ಮೋಟಾರಿನ ತಿರುಗುವ ಭಾಗ ಹೇಗೆ ವರ್ತಿಸುತ್ತದೆ ಎಂದು ನೋಡಬೇಕಿತ್ತು. ಆದರೆ ರಭಸದಿಂದ ತಿರುಗುವುದನ್ನು ಕಣ್ಣಿನಿಂದ ನೋಡುವುದು ಹೇಗೆ? ಪಕ್ಕದಲ್ಲಿದ್ದ ಪಾದರಸದ ವಿದ್ಯುತ್ ಉಪಕರಣವೊಂದು ಮಿನುಗುತ್ತಿತ್ತು. ಆ ಮಿನುಗಿಗೂ ಮೋಟಾರಿನ ಸುತ್ತಿಗೂ ತಾಳ ಕೂಡಿದಾಗ ಮೋಟಾರು ನಿಂತೇಬಿಟ್ಟಂತೆ ಕಾಣುವುದನ್ನು ಎಜರ್ಟನ್ ಗಮನಿಸಿದ. ಮೋಟಾರು ನಿಂತಿರಲಿಲ್ಲ. ಪ್ರತಿ ಸಲ ಅದೇ ಜಾಗಕ್ಕೆ ಬಂದಾಗ ಮಾತ್ರ ಬೆಳಕು ಬೀಳುತ್ತಿತ್ತು, ಅಷ್ಟೆ.

ಇದರ ಸಣ್ಣ ರೂಪವನ್ನು ನೀವು ಮನೆಯಲ್ಲೇ ನೋಡಿರಬಹುದು. ಹಳೇ ಟ್ಯೂಬ್‌ಲೈಟ್ ಕೆಳಗೆ ಫ್ಯಾನ್ ಹಚ್ಚಿದಾಗ ಅದರ ರೆಕ್ಕೆ ನಿಧಾನಕ್ಕೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೂ ಇದೇ ಜಾತಿಯದು. ಮಕ್ಕಳು ದೆವ್ವ ಎಂದು ಹೆದರಿದರೆ ಹೀಗೆ ವಿವರಿಸಿ.

ಫ್ಲ್ಯಾಶನ್ನು, ಇಲ್ಲವೇ ಸ್ಟ್ರೋಬೊಸ್ಕೋಪನ್ನು ಕಂಡುಹಿಡಿದವನೇ ಎಜರ್ಟನ್ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಸ್ಟ್ರೋಬೊಸ್ಕೋಪ್ ಎಂಬ ಉಪಾಯ 1832ರ ಸುಮಾರಿಗೇ ಯುರೋಪಿನಲ್ಲಿತ್ತು. 1851ರಲ್ಲಿ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್, ಗಾಲಿಗೆ ಅಂಟಿಸಿ ತಿರುಗಿಸಿದ ಪತ್ರಿಕೆಯ ಹಾಳೆಯನ್ನು ವಿದ್ಯುತ್ ಕಿಡಿಯ ಬೆಳಕಿನಲ್ಲಿ ಫೋಟೊ ತೆಗೆದಿದ್ದ. ಎಜರ್ಟನ್ ಮಾಡಿದ್ದು ಬೇರೆ. ಬೇಕೆಂದಾಗ ಬೇಕಾದಷ್ಟು ಸಲ ಹೊಡೆಯುವ, ಪ್ರಖರವಾದ, ನಂಬಬಹುದಾದ ಫ್ಲ್ಯಾಶನ್ನು ಕೈಗೆ ಕೊಟ್ಟ. ನನ್ನ ಮಟ್ಟಿಗೆ ಇದು ಕಂಡುಹಿಡಿಯುವುದಕ್ಕಿಂತ ಸಣ್ಣ ಕೆಲಸವೇನಲ್ಲ.

ಉಪಾಯ ಸರಳ. ನಮ್ಮ ಹುಬ್ಬಳ್ಳಿ ಮಂದಿಗೆ ಇದನ್ನು ಹೇಳುವುದು ಇನ್ನೂ ಸುಲಭ. ನಲ್ಲಿಯಲ್ಲಿ ಸಣ್ಣಗೆ ಬರುವ ನೀರನ್ನು ಡ್ರಮ್ಮಿಗೆ ತುಂಬಿಸಿಟ್ಟು, ಆಮೇಲೆ ಡ್ರಮ್ಮನ್ನು ಒಮ್ಮೆಗೇ ಮಗುಚಿದಂತೆ. ಕರೆಂಟನ್ನು ಕೆಪಾಸಿಟರ್ ಎಂಬ ಬಿಡಿಭಾಗದಲ್ಲಿ ಕೂಡಿಟ್ಟು, ಅನಿಲ ತುಂಬಿದ ಗಾಜಿನ ಕೊಳವೆಯ ಮೂಲಕ ಒಂದೇ ಏಟಿಗೆ ಹರಿಯಬಿಡುವುದು. ಕಣ್ಣು ಕೋರೈಸುವ ಬೆಳಕು ಬರುತ್ತದೆ, ಕ್ಷಣದ ಸಾವಿರದ ಒಂದು ಪಾಲಿಗಿಂತಲೂ ಬೇಗ ಆರುತ್ತದೆ. ಇಂದಿಗೂ ಮದುವೆ ಫೋಟೊಗ್ರಾಫರನ ಫ್ಲ್ಯಾಶಿನಲ್ಲಿ ಕೀಂ ಎಂದು ಕೇಳುವ ಸಣ್ಣ ಸದ್ದು ಆ ಡ್ರಮ್ಮು ತುಂಬುವ ಸದ್ದೇ.

ಹಾಲಿನ ಹನಿಯ ಹಿಂದೆ ಇಪ್ಪತ್ತೈದು ವರ್ಷ

ಕೆನೆತ್ ಗರ್ಮ್ಸ್‌ಹೌಸನ್, ಹರ್ಬರ್ಟ್ ಗ್ರಿಯರ್ ಎಂಬ ತನ್ನ ಇಬ್ಬರು ವಿದ್ಯಾರ್ಥಿಗಳನ್ನು ಕೂಡಿಕೊಂಡು ಎಜರ್ಟನ್ ಕಾರ್ಖಾನೆಗಳಿಗೆ ಈ ಬೆಳಕನ್ನು ಒಯ್ದ. ಮೋಟಾರು, ಮುದ್ರಣಯಂತ್ರ, ನೂಲಿನ ಗಿರಣಿ, ಎಲ್ಲಿ ಏನು ಬಿರುಸಿನಿಂದ ತಿರುಗುತ್ತದೋ ಅಲ್ಲಿ ಇದು ಉಪಯೋಗಕ್ಕೆ ಬಂತು. ಆದರೆ ಆತನ ಕಣ್ಣು ಮನೆಯ ಸಾಮಾನಿನ ಮೇಲೂ ಬಿತ್ತು. ನಲ್ಲಿಯ ನೀರು, ಒಡೆಯುವ ಲೋಟ, ಹಗ್ಗದಾಟದ ಹುಡುಗಿ, ಒದೆ ತಿಂದ ಫುಟ್‌ಬಾಲ್. ಮುಷ್ಟಿಯಷ್ಟೂ ಇಲ್ಲದ ಹಮ್ಮಿಂಗ್‌ಬರ್ಡ್ ರೆಕ್ಕೆ ಬಡಿಯುವುದನ್ನೂ ಹಿಡಿದ.

ಹಾಲಿನ ಹನಿಯನ್ನು ಆತ 1930ರ ದಶಕದ ಆರಂಭದಲ್ಲೇ ತೆಗೆಯತೊಡಗಿದ್ದ. ಅದರಲ್ಲೊಂದು 1937ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ನಡೆಸಿದ ಫೋಟೊ ಪ್ರದರ್ಶನದಲ್ಲೂ ಇತ್ತು. ಅಷ್ಟಕ್ಕೇ ಬಿಡಲಿಲ್ಲ. ಕಿರೀಟದ ಮುತ್ತುಗಳು ಸರಿಯಾಗಿ ಸುತ್ತಲೂ ನಿಲ್ಲಬೇಕೆಂದು ಮತ್ತೆ ಮತ್ತೆ ಹನಿ ಬೀಳಿಸಿದ. ಕೆಂಪು ಹಿನ್ನೆಲೆಯ, ನಾವೆಲ್ಲ ನೋಡಿರುವ ಬಣ್ಣದ ಚಿತ್ರ ಬಂದದ್ದು 1957ರಲ್ಲಿ. ಇಷ್ಟಾಗಿಯೂ ತನ್ನನ್ನು ಕಲಾವಿದ ಎಂದರೆ ಆತನಿಗೆ ಹಿಡಿಸುತ್ತಿರಲಿಲ್ಲ. ತಾನು ಎಂಜಿನಿಯರ್, ನಿಜ ಏನು ಎಂದು ನೋಡುವುದಷ್ಟೇ ತನ್ನ ಕೆಲಸ ಎನ್ನುತ್ತಿದ್ದ. ಆತನ ಫ್ಲ್ಯಾಶ್ ಕುರಿತ ಹಾಲಿವುಡ್ ಕಿರುಚಿತ್ರವೊಂದಕ್ಕೆ ಆಸ್ಕರ್ ಕೂಡ ಬಂತು.

ಈಗ ಗುಂಡಿನ ವಿಷಯ. ಇದು ನಮ್ಮ ಅಕ್ಕಿಕಾಳಿನ ಫೋಟೊಗೆ ನೇರವಾಗಿ ಸಂಬಂಧಿಸಿದ್ದು.

ರೈಫಲ್ ಗುಂಡು ಸೆಕೆಂಡಿಗೆ ಸುಮಾರು 850 ಮೀಟರ್ ಹೋಗುತ್ತದೆ. ಇಂದಿನ ಒಳ್ಳೆಯ ಕ್ಯಾಮೆರಾದ 1/8000 ಸೆಕೆಂಡ್ ಶಟರ್ ಇಟ್ಟರೂ ಅಷ್ಟರಲ್ಲಿ ಗುಂಡು 10 ಸೆಂಟಿಮೀಟರ್ ಮುಂದೆ ಹೋಗಿಬಿಡುತ್ತದೆ. ಚಿತ್ರದಲ್ಲಿ ಬರೀ ಗೀರು. ಹಾಗಾದರೆ 1964ರಲ್ಲಿ ಸೇಬಿನ ಚಿತ್ರ ಹೇಗೆ ಬಂತು? ಎಜರ್ಟನ್ ಶಟರನ್ನು ನೆಚ್ಚಲೇ ಇಲ್ಲ. ಕೋಣೆಯನ್ನು ಕತ್ತಲು ಮಾಡಿ, ಕ್ಯಾಮೆರಾದ ಶಟರನ್ನು ತೆರೆದೇ ಇಡುತ್ತಿದ್ದ. ಕತ್ತಲಲ್ಲಿ ಫಿಲ್ಮಿನ ಮೇಲೆ ಏನೂ ಮೂಡುವುದಿಲ್ಲ. ಗುಂಡು ಹಾರಿದ ಸದ್ದನ್ನು ಮೈಕ್ ಹಿಡಿದು ಫ್ಲ್ಯಾಶಿಗೆ ಸೂಚನೆ ಕೊಡುತ್ತಿತ್ತು. ಫ್ಲ್ಯಾಶ್ ಬೆಳಗುತ್ತಿದ್ದದ್ದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲೂ ಸುಮಾರು ಮೂರನೇ ಒಂದು ಭಾಗ ಮಾತ್ರ. ಅಷ್ಟರಲ್ಲಿ ಗುಂಡು ಸರಿಯುವುದು ಕೂದಲೆಳೆಯ ಲೆಕ್ಕ, ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿಗೂ ಕಡಿಮೆ. ಆಮೇಲೆ ಶಟರ್ ನಿಧಾನಕ್ಕೆ ಮುಚ್ಚಿದರೂ ನಡೆಯುತ್ತಿತ್ತು.

ಅಂದರೆ ಚಲನೆಯನ್ನು ಹಿಡಿದು ನಿಲ್ಲಿಸಿದ್ದು ಶಟರ್ ಅಲ್ಲ, ಬೆಳಕು. ಶಟರಿನ ಕೆಲಸ ಒಂದೇ: ಬೆಳಕು ಹೊಡೆಯುವ ಆ ಗಳಿಗೆಯಲ್ಲಿ ಪೂರ್ತಿ ತೆರೆದಿರುವುದು.

ಎರಡು ಪರದೆಗಳ ಆಟ

ನಮ್ಮ ಹುಡುಗನ ಕ್ಯಾಮೆರಾದಲ್ಲಿ ತಪ್ಪಿದ್ದು ಇದೇ. ಡಿಎಸ್‌ಎಲ್‌ಆರ್ ಒಳಗೆ ಸೆನ್ಸರಿನ ಮುಂದೆ ಎರಡು ಪರದೆಗಳಿರುತ್ತವೆ. ಮೊದಲ ಪರದೆ ಸರಿದು ಸೆನ್ಸರನ್ನು ತೆರೆಯುತ್ತದೆ, ಎರಡನೆಯದು ಅದರ ಹಿಂದೆಯೇ ಬಂದು ಮುಚ್ಚುತ್ತದೆ. ಪರದೆ ಈ ತುದಿಯಿಂದ ಆ ತುದಿಗೆ ಹೋಗಲು ಸುಮಾರು 3ರಿಂದ 4 ಮಿಲಿಸೆಕೆಂಡ್ ಬೇಕು. ನೀವು ಶಟರ್ ಸ್ಪೀಡ್ ಎಷ್ಟೇ ಇಟ್ಟರೂ ಪರದೆ ಓಡುವ ವೇಗ ಬದಲಾಗುವುದಿಲ್ಲ. ಬದಲಾಗುವುದು ಎರಡನೇ ಪರದೆ ಹೊರಡುವ ಹೊತ್ತು ಮಾತ್ರ.

1/200 ಅಂದರೆ 5 ಮಿಲಿಸೆಕೆಂಡ್. ಮೊದಲ ಪರದೆ ಪೂರ್ತಿ ಸರಿದ ಮೇಲೂ ಎರಡನೆಯದು ಇನ್ನೂ ಹೊರಟಿರುವುದಿಲ್ಲ. ನಡುವೆ ಸೆನ್ಸರ್ ಪೂರ್ತಿ ಬಯಲಾಗಿರುವ ಒಂದು ಗಳಿಗೆ ಸಿಗುತ್ತದೆ, ಫ್ಲ್ಯಾಶ್ ಆಗ ಹೊಡೆಯುತ್ತದೆ. 1/400 ಅಂದರೆ ಎರಡೂವರೆ ಮಿಲಿಸೆಕೆಂಡ್. ಮೊದಲ ಪರದೆ ತುದಿ ಮುಟ್ಟುವ ಮೊದಲೇ ಎರಡನೆಯದು ಹೊರಟಾಗಿದೆ. ಫ್ಲ್ಯಾಶ್ ಹೊಡೆದಾಗ ಸೆನ್ಸರಿನ ಮೇಲಿನ ಒಂದು ಭಾಗ ಆಗಲೇ ಮುಚ್ಚಿದೆ. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಮೂಡಿಸುವುದರಿಂದ ಆ ಕಪ್ಪು ಸಾಮಾನ್ಯವಾಗಿ ಫೋಟೊದ ಕೆಳಗೆ ಕಾಣುತ್ತದೆ. ಕ್ಯಾಮೆರಾ ನಿಲ್ಲಿಸಿ ಹಿಡಿದಿದ್ದರೆ ಎಡಕ್ಕೋ ಬಲಕ್ಕೋ. 1/1000ಕ್ಕೆ ಏರಿಸಿದ್ದರೆ ಮುಕ್ಕಾಲು ಪಾಲು ಚಿತ್ರವೇ ಹೋಗುತ್ತಿತ್ತು.

ಕಂಪನಿಯ ಫ್ಲ್ಯಾಶನ್ನು ನೇರವಾಗಿ ತಲೆಯ ಮೇಲೆ ಕೂಡಿಸಿದರೆ ಬಹಳಷ್ಟು ಕ್ಯಾಮೆರಾಗಳು ಮಿತಿ ದಾಟಲು ಬಿಡುವುದಿಲ್ಲ. ಕಡಿಮೆ ಬೆಲೆಯ ರೇಡಿಯೊ ಟ್ರಿಗರ್ ಹಾಕಿದಾಗ ಫ್ಲ್ಯಾಶ್ ಇರುವುದೇ ಕ್ಯಾಮೆರಾಗೆ ಗೊತ್ತಾಗುವುದಿಲ್ಲ. ನಮ್ಮವನು ಸಿಕ್ಕಿಬಿದ್ದದ್ದು ಅಲ್ಲಿ.

ಈ ಮಿತಿ ಹಿಂದೆ ಇನ್ನೂ ಕಡಿಮೆಯಿತ್ತು. ಬಟ್ಟೆಯ ಪರದೆ ಅಡ್ಡಡ್ಡ ಓಡುತ್ತಿದ್ದ ಪೆಂಟಾಕ್ಸ್ ಕೆ1000ನಂಥ ಕ್ಯಾಮೆರಾಗಳಲ್ಲಿ 1/60 ದಾಟುವಂತಿರಲಿಲ್ಲ. ಆದರೆ ಹಳೇ ಸ್ಟುಡಿಯೊದವರು ಕುತ್ತಿಗೆಗೆ ಹಾಕಿಕೊಂಡು ಮೇಲಿನಿಂದ ಬಗ್ಗಿ ನೋಡುತ್ತಿದ್ದ ಯಾಷಿಕಾ ಪೆಟ್ಟಿಗೆ ಕ್ಯಾಮೆರಾದಲ್ಲಿ ಶಟರ್ ಲೆನ್ಸಿನ ಒಳಗೇ ಇತ್ತು. ಅದು ಹೂವಿನ ಎಸಳಿನಂತೆ ನಡುವಿನಿಂದ ತೆರೆದು ಮುಚ್ಚುತ್ತದೆ, 1/500ರಲ್ಲೂ ಕಪ್ಪು ಪಟ್ಟಿ ಬರುವುದಿಲ್ಲ. ಅಪ್ಪನ ಯಾಷಿಕಾದಲ್ಲಿ ಎಂದೂ ಕಾಣದ ಪಟ್ಟಿ ಮಗನ ಹೊಸ ಕ್ಯಾಮೆರಾದಲ್ಲಿ ಬಂದರೆ ಅಪ್ಪ ಬೆರಗಾಗುವುದು ಸಹಜ.

ಯುದ್ಧ, ಬಾಂಬು, ಸಮುದ್ರ

ಎಜರ್ಟನ್ ಬದುಕಿನ ಮುಂದಿನ ಭಾಗ ಹಾಲಿನ ಹನಿಯಷ್ಟು ಮುದ್ದಾಗಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ವಿಮಾನದಿಂದ ರಾತ್ರಿ ನೆಲದ ಫೋಟೊ ತೆಗೆಯುವ ದೈತ್ಯ ಫ್ಲ್ಯಾಶ್ ಕೇಳಿತು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಗಳನ್ನು ರಾತ್ರಿ ಆಕಾಶದಿಂದ ಫೋಟೊ ತೆಗೆದು ಪರೀಕ್ಷೆ ನಡೆಯಿತು. 1944ರ ಜೂನ್‌ನಲ್ಲಿ ನಾರ್ಮಂಡಿ ತೀರಕ್ಕೆ ಸೈನ್ಯ ಇಳಿಯುವ ಹಿಂದಿನ ರಾತ್ರಿ ಅಲ್ಲಿನ ರಸ್ತೆಗಳ ಮೇಲೆ ಹೊಡೆದ ಬೆಳಕೂ ಆತನ ಫ್ಲ್ಯಾಶಿನದೇ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಮೂವರು ಗೆಳೆಯರು ಇಜಿ ಅಂಡ್ ಜಿ ಕಂಪನಿ ಕಟ್ಟಿದರು. ಅದು ಅಮೆರಿಕದ ಅಣುಬಾಂಬ್ ಪರೀಕ್ಷೆಗಳಿಗೆ ಕೆಲಸ ಮಾಡಿತು. ಸ್ಫೋಟದ ಮೊದಲ ಕ್ಷಣವನ್ನು ಹಿಡಿಯಲು ರಾಪಟ್ರಾನಿಕ್ ಎಂಬ ಕ್ಯಾಮೆರಾ ಮಾಡಿದರು. ಅಲ್ಲಿ ಲೆಕ್ಕ ತಿರುವುಮುರುವು. ಬೆಳಕು ಬೇಕಾದಷ್ಟಿದೆ, ಅದನ್ನು ಕ್ಷಣಮಾತ್ರ ಒಳಬಿಡಬೇಕು. ಓಡುವ ಪರದೆ ಇದಕ್ಕೆ ಸಾಲದು ಎಂದು ಚಲಿಸುವ ಭಾಗವೇ ಇಲ್ಲದ, ಕಾಂತಶಕ್ತಿಯಿಂದ ಬೆಳಕನ್ನು ಬಿಟ್ಟು ತಡೆಯುವ ಶಟರ್ ಬಳಸಿದರು. ಎಜರ್ಟನ್ ಬಗ್ಗೆ ಹರಿದಾಡುವ ಚೆಂದದ ಪೋಸ್ಟುಗಳಲ್ಲಿ ಈ ಅಧ್ಯಾಯ ಕಾಣುವುದೇ ಅಪರೂಪ. ಅದನ್ನು ಬಿಟ್ಟು ಹೇಳುವುದು ಅರ್ಧ ಫೋಟೊ ತೋರಿಸಿದಂತೆ.

1953ರಿಂದ ಫ್ರಾನ್ಸಿನ ಸಾಗರ ಸಂಶೋಧಕ ಜಾಕ್ ಕೂಸ್ಟೊ ಜತೆ ಸೇರಿ ಸಮುದ್ರದ ತಳಕ್ಕೆ ಕ್ಯಾಮೆರಾ, ಫ್ಲ್ಯಾಶ್ ಇಳಿಸಿದ. ಹಡಗಿನ ಹುಡುಗರು ಆತನನ್ನು ಪಾಪಾ ಫ್ಲ್ಯಾಶ್ ಎಂದು ಕರೆಯುತ್ತಿದ್ದರು. ನೀರಿನಡಿ ಬೆಳಕು ದೂರ ಹೋಗದು ಎಂದು ಸದ್ದಿನಿಂದ ನೋಡುವ ಸೋನಾರ್‌ನತ್ತ ಹೊರಳಿದ. 1862ರಲ್ಲಿ ಮುಳುಗಿದ ಮಾನಿಟರ್ ಯುದ್ಧನೌಕೆಯನ್ನು 1973ರಲ್ಲಿ ಪತ್ತೆಹಚ್ಚಿದ ತಂಡದಲ್ಲಿ ಆತನೂ ಇದ್ದ. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ರಾಕ್ಷಸ ಪ್ರಾಣಿಯ ರೆಕ್ಕೆ ಎಂದು 1970ರ ದಶಕದಲ್ಲಿ ಸುದ್ದಿಯಾದ ಚಿತ್ರಕ್ಕೆ ಬಳಸಿದ್ದೂ ಆತನ ಫ್ಲ್ಯಾಶ್ ಕ್ಯಾಮೆರಾವನ್ನೇ. ಆ ರೆಕ್ಕೆ ಅಷ್ಟು ಸ್ಪಷ್ಟವಾಗಿ ಕಂಡದ್ದು ಚಿತ್ರವನ್ನು ಆಮೇಲೆ ತಿದ್ದಿದ್ದರಿಂದ. ಮೂಲ ಚಿತ್ರ ಬರೀ ಮಬ್ಬು. ಇಂದಿಗೂ ಫಾರ್ವರ್ಡ್ ಆಗಿ ಬಂದರೆ ನಂಬಬೇಡಿ.

ನಿವೃತ್ತಿಯ ನಂತರವೂ ಎಜರ್ಟನ್ ಎಂಐಟಿಯ ಪ್ರಯೋಗಾಲಯಕ್ಕೆ ಬರುತ್ತಲೇ ಇದ್ದ. ಬಂದವರ ಕೈಗೆ ತನ್ನ ಚಿತ್ರಗಳ ಪೋಸ್ಟ್‌ಕಾರ್ಡ್ ಕೊಡುವುದು ಆತನ ರೂಢಿ. 1990ರ ಜನವರಿ 4ರಂದು ಎಂಐಟಿ ಆವರಣದಲ್ಲೇ, ಅಧ್ಯಾಪಕರ ಕ್ಲಬ್ಬಿನಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 86.

ಉಣಕಲ್ ಕೆರೆಯ ಬಿಸಿಲು, ನಿಮ್ಮ ಕೈಯ ಮೊಬೈಲು

ಮಂಟಪದ ಒಳಗೆ ಮಿತಿಯಲ್ಲಿರುವುದು ಕಷ್ಟವಲ್ಲ. 1/60ರಿಂದ 1/160ರ ನಡುವೆ ಇಟ್ಟರೆ ಹಿಂದಿನ ದೀಪಾಲಂಕಾರವೂ ಬರುತ್ತದೆ, ಮುಂದಿನವರು ಫ್ಲ್ಯಾಶಿನಿಂದ ಸ್ಪಷ್ಟವಾಗುತ್ತಾರೆ. ಅಕ್ಕಿಕಾಳು ನಿಲ್ಲಬೇಕೆಂದರೆ ಶಟರ್ ಏರಿಸಬೇಡಿ, ಫ್ಲ್ಯಾಶಿನ ಶಕ್ತಿ ಇಳಿಸಿ ಐಎಸ್‌ಒ ಏರಿಸಿ. ಇದು ಬಹಳ ಜನಕ್ಕೆ ಉಲ್ಟಾ ಅನಿಸುತ್ತದೆ. ಕೈಯಲ್ಲಿ ಹಿಡಿಯುವ ಫ್ಲ್ಯಾಶ್ ಪೂರ್ತಿ ಶಕ್ತಿಯಲ್ಲಿ ಸುಮಾರು 1/1000 ಸೆಕೆಂಡ್ ಬೆಳಗುತ್ತದೆ. 1/64 ಶಕ್ತಿಗೆ ಇಳಿಸಿದರೆ ಬೆಳಗುವ ಹೊತ್ತು 1/20,000ರ ಆಸುಪಾಸಿಗೆ ಇಳಿಯುತ್ತದೆ. ಡ್ರಮ್ಮಿನಿಂದ ಒಂದೇ ತಂಬಿಗೆ ಚೆಲ್ಲಿದಂತೆ.

ಕಷ್ಟ ಬರುವುದು ಹೊರಗೆ. ಮಧ್ಯಾಹ್ನ ಉಣಕಲ್ ಕೆರೆಯ ದಂಡೆಯಲ್ಲೋ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಸ್ತೆಯಲ್ಲೋ ಪ್ರೀ ವೆಡ್ಡಿಂಗ್ ಶೂಟ್ ಮಾಡುವವರು ಹಿನ್ನೆಲೆ ಮಸುಕಾಗಲಿ ಎಂದು ಲೆನ್ಸನ್ನು ದೊಡ್ಡದಾಗಿ ತೆರೆಯುತ್ತಾರೆ. ಆ ಬಿಸಿಲಿಗೆ 1/200ರಲ್ಲಿ, ಐಎಸ್‌ಒ 100ರಲ್ಲಿ, ಎಫ್11ಕ್ಕಿಂತ ಹೆಚ್ಚು ತೆರೆದರೆ ಚಿತ್ರ ಬೆಳ್ಳಗಾಗುತ್ತದೆ. ಉಪಾಯ ಎರಡು. ಲೆನ್ಸಿಗೆ ಕಪ್ಪು ಎನ್‌ಡಿ ಫಿಲ್ಟರ್ ಹಾಕುವುದು, ಇಲ್ಲವೇ ಫ್ಲ್ಯಾಶಿನಲ್ಲಿ ಹೈ ಸ್ಪೀಡ್ ಸಿಂಕ್ ಹಚ್ಚುವುದು. ಎರಡನೆಯದರಲ್ಲಿ ಫ್ಲ್ಯಾಶ್ ಒಮ್ಮೆಗೇ ಹೊಡೆಯದೆ ಪರದೆ ಓಡುವಷ್ಟು ಹೊತ್ತೂ ಪಟಪಟನೆ ಮಿನುಗುತ್ತದೆ. ಒಂದು ಲೆಕ್ಕದಲ್ಲಿ ಎಜರ್ಟನ್‌ನ ಸ್ಟ್ರೋಬೊಸ್ಕೋಪೇ ಅದು. ಆದರೆ ಶಕ್ತಿ ಹಂಚಿಹೋಗುವುದರಿಂದ ಬೆಳಕು ದೂರ ಮುಟ್ಟುವುದಿಲ್ಲ.

ಇನ್ನು ಮೊಬೈಲ್. ಅದರ ಹಿಂದಿರುವುದು ಎಲ್‌ಇಡಿ ದೀಪ, ಎಜರ್ಟನ್ ಮಾದರಿಯ ಫ್ಲ್ಯಾಶ್ ಅಲ್ಲ. ಫೋಟೊ ಮುಗಿಯುವವರೆಗೂ ಉರಿಯುತ್ತಲೇ ಇರುತ್ತದೆ, ಹಾಗಾಗಿ ಕಪ್ಪು ಪಟ್ಟಿ ಬರದು, ಅಕ್ಕಿಕಾಳೂ ನಿಲ್ಲವು. ಆದರೆ ನೀವು ಮದುವೆಯ ವಿಡಿಯೊ ಮಾಡುವಾಗ ಫೋಟೊಗ್ರಾಫರ್ ಫ್ಲ್ಯಾಶ್ ಹೊಡೆದರೆ, ಆ ವಿಡಿಯೊವನ್ನು ತಡೆದು ನೋಡಿ. ಒಂದು ಫ್ರೇಮಿನ ಅರ್ಧ ಮಾತ್ರ ಬೆಳ್ಳಗಾಗಿರುತ್ತದೆ. ಮೊಬೈಲ್ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ಫ್ಲ್ಯಾಶ್ ಹೊಡೆದ ಗಳಿಗೆಗೆ ಸಿಕ್ಕ ಸಾಲುಗಳಿಗಷ್ಟೇ ಬೆಳಕು. ಎಲ್‌ಇಡಿ ಬಲ್ಬಿನ ಕೆಳಗೆ ಮೊಬೈಲ್ ಪರದೆಯ ಮೇಲೆ ಓಡಾಡುವ ಪಟ್ಟಿಗಳೂ ಇದೇ ಮೂಲದವು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಕೆಲವು ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಂಟಿ ಫ್ಲಿಕರ್ ಇದ್ದರೆ 50 ಹರ್ಟ್ಸ್ ಆರಿಸಿ.

ಮದುವೆಯಾದ ವಾರಕ್ಕೆ ಮದುಮಕ್ಕಳು ಅಜ್ಜಿಯ ಆಶೀರ್ವಾದಕ್ಕೆ ಮನೆಗೆ ಬಂದರು. ಹುಡುಗ ಶಟರನ್ನು 1/160ಕ್ಕೆ ಇಳಿಸಿ, ಫ್ಲ್ಯಾಶನ್ನು 1/32ಕ್ಕೆ ಇಟ್ಟು, ಅಜ್ಜಿಯ ಕೈಗೆ ಮತ್ತೊಮ್ಮೆ ಒಂದು ಮುಷ್ಟಿ ಅಕ್ಕಿ ಕೊಟ್ಟ. ಈ ಸಲ ಅಜ್ಜಿಯ ಬೆರಳುಗಳಿಂದ ಹೊರಟ ಕಾಳು ಗಾಳಿಯಲ್ಲಿವೆ, ಅಜ್ಜಿ ಪಾದದವರೆಗೂ ಕಾಣುತ್ತಾರೆ. ಮೊದಲಿನ ಫೋಟೊವನ್ನೂ ಅಳಿಸಿಲ್ಲ, ಎರಡೂ ಆಲ್ಬಮ್ಮಿನಲ್ಲಿ ಎದುರುಬದುರಾಗಿವೆ.